ಎತ್ತಿದ ಕಾಲು

ಅಕ್ಕನ ಮಗ ಮೊನ್ನೆ ನನ್ನದೊಂದು ಫೋಟೊ ಕಳಿಸಿದ. ಜೊತೆಗೆ ಒಂದೇ ಸಾಲು: ‘ಮಾವ, ಸೂಪರ್ ಕ್ಯಾಂಡಿಡ್!’ ಕ್ಯಾಂಡಿಡ್ ಎಂದರೆ ನಮಗೆ ಗೊತ್ತಾಗದಂತೆ ತೆಗೆದ ಸಹಜವಾದ ಫೋಟೊ ಅಂತೆ.

ಬಲಗಾಲು ನೆಲದಿಂದ ಗೇಣುದ್ದ ಮೇಲಿದೆ. ಚಪ್ಪಲಿ ಹಿಮ್ಮಡಿಯ ಸಹವಾಸ ಬಿಟ್ಟು ಹೆಬ್ಬೆರಳೊಂದನ್ನೇ ನಂಬಿಕೊಂಡು ಜೋತಾಡುತ್ತಿದೆ. ಬಾಯಿ ಅರ್ಧ ತೆರೆದಿದೆ, ಕಣ್ಣು ಮುಕ್ಕಾಲು ಮುಚ್ಚಿದೆ. ಅಂಗಿಯ ಚುಂಗು ಒಂದು ದಿಕ್ಕಿಗೆ ಹೊರಟರೆ ಹೊಟ್ಟೆ ಇನ್ನೊಂದು ದಿಕ್ಕಿಗೆ ಹೊರಟಿದೆ. ಇದನ್ನು ಅವನು ನನಗೊಬ್ಬನಿಗೇ ಕಳಿಸಿದ್ದರೆ ಸುಮ್ಮನಿರುತ್ತಿದ್ದೆ. ಇಡೀ ಬಂಧುಬಳಗಕ್ಕೆ ಕಳಿಸಿದ್ದ.

‘ಅಯ್ಯೋ, ಎಡವಿದ್ರಾ?’ ಎಂದು ಮೊದಲನೆಯವರು ಕೇಳಿದರು. ಇಲ್ಲ, ನಡೆಯುತ್ತಿದ್ದೆ ಎಂದೆ. ‘ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ’ ಎಂದು ಎರಡನೆಯವರು ಗಾದೆ ಹೇಳಿ ಸಮಾಧಾನ ಮಾಡಿದರು. ಎಡವದವನಿಗೆ ಈ ಸಮಾಧಾನ ಎಷ್ಟು ಉರಿ ತರಿಸುತ್ತದೆಂದು ಅನುಭವಿಸಿದವರಿಗೇ ಗೊತ್ತು. ಮೂರನೆಯವರು ಫೋಟೊವನ್ನು ಹಿಗ್ಗಿಸಿ ನೋಡುವ ಜಾತಿ. ಅವರು ಬರೆದರು: ‘ಬಲಗಾಲು, ಬಲಗೈ ಎರಡೂ ಒಟ್ಟಿಗೆ ಮುಂದೆ ಬಂದಿವೆಯಲ್ಲ! ಹೀಗೆ ನಡೆಯುವುದು ಒಂಟೆ.’

ಹೋಗಿ ನೋಡಿದೆ. ಬಂದಿದ್ದವು.

ಮನುಷ್ಯರು ಹಾಗೆ ನಡೆಯುವುದಿಲ್ಲ. ಬಲಗಾಲು ಮುಂದೆ ಹೋದರೆ ಎಡಗೈ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಮೈ ಪ್ರತಿ ಹೆಜ್ಜೆಗೂ ಬುಗುರಿಯಂತೆ ತಿರುಗಬೇಕಾಗುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ತಾನಾಗಿಯೇ ಬರುತ್ತದೆ. ‘ನೀವು ಸುಮ್ಮನೆ ನಡೀರಿ ಮಾವ, ನಾನು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ’ ಎಂದು ಯಾರಾದರೂ ಹೇಳುವವರೆಗೆ. ಹೇಳಿದರೆ ಮುಗಿಯಿತು. ಐವತ್ತು ವರ್ಷದಿಂದ ಯಾವ ದೂರೂ ಇಲ್ಲದೆ ದುಡಿದ ಕೈಕಾಲುಗಳು ‘ಈಗ ಯಾರ ಸರದಿ?’ ಎಂದು ನಮ್ಮ ಮುಖ ನೋಡತೊಡಗುತ್ತವೆ. ಹೀಗೆ ಆಜ್ಞೆ ಮಾಡಿ ನಡೆಸಿ ತೆಗೆದ ಚಿತ್ರಕ್ಕೆ ಕ್ಯಾಂಡಿಡ್ ಎಂದು ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿದೆ. ಎದುರಿಗೆ ನಿಲ್ಲಿಸಿ ‘ನಗಿ’ ಎನ್ನುತ್ತಿದ್ದ ಹಳೆಯ ಫೋಟೊಗ್ರಾಫರನೇ ಪ್ರಾಮಾಣಿಕ. ನಿಂತಿದ್ದೇವೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಚಲನೆಯನ್ನು ಫೋಟೊದಲ್ಲಿ ಹಿಡಿದು ನಿಲ್ಲಿಸುವ ಈ ಚಾಳಿಗೆಲ್ಲ ಮೂಲ ಒಂದು ಕುದುರೆ. ಅದಕ್ಕಿಂತ ಹೆಚ್ಚಾಗಿ, ಕುದುರೆ ಸಾಕಿದ್ದ ಒಬ್ಬ ಸಾಹುಕಾರ. ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ, ರೈಲುದಾರಿ ಹಾಕಿಸಿ ಹಣ ಮಾಡಿದ್ದ ಲೀಲಂಡ್ ಸ್ಟ್ಯಾನ್‌ಫರ್ಡ್‌ಗೆ ಒಂದು ಪ್ರಶ್ನೆ ಕಾಡುತ್ತಿತ್ತು: ಓಡುವ ಕುದುರೆಯ ನಾಲ್ಕೂ ಕಾಲು ಯಾವುದಾದರೂ ಗಳಿಗೆಯಲ್ಲಿ ನೆಲ ಬಿಡುತ್ತವೆಯೇ? 25,000 ಡಾಲರ್ ಪಂಥ ಕಟ್ಟಿದ್ದ ಎಂಬ ಕಥೆಯೂ ಇದೆ. ಪುರಾವೆ ಇಲ್ಲ, ಆದರೆ ಹಣವಿದ್ದವರಿಗೆ ಸಂಶಯ ಬಂದರೆ ಪಂಥದ ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಉತ್ತರ ಹುಡುಕಲು ಅವನು ಹಿಡಿದದ್ದು ಮೈಬ್ರಿಜ್ ಎಂಬ ಫೋಟೊಗ್ರಾಫರನನ್ನು.

ಈ ಮೈಬ್ರಿಜ್‌ನ ವಿಷಯಕ್ಕೆ ಬಂದರೆ ನಾನು ಬೇಗ ಹೊರಡುವುದಿಲ್ಲ. 1830ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದಾಗ ಎಡ್ವರ್ಡ್ ಮಗರಿಜ್. ಆಮೇಲೆ ಮೈಗ್ರಿಜ್, ಆಮೇಲೆ ಮೈಬ್ರಿಜ್; ಎಡ್ವರ್ಡ್ ಎಂಬ ಸರಳ ಹೆಸರಿಗೂ ಕೊನೆಗೆ ಯಾರೂ ಬರೆಯದ ಪುರಾತನ ಕಾಗುಣಿತ ತೊಡಿಸಿದ. ಮನುಷ್ಯ ನಿಂತರೂ ಅವನ ಹೆಸರು ನಡೆಯುತ್ತಲೇ ಇತ್ತು. 1860ರಲ್ಲಿ ಕುದುರೆಗಾಡಿ ಉರುಳಿ ತಲೆಗೆ ಬಲವಾದ ಪೆಟ್ಟು ಬಿತ್ತು. ನೋಡಿ, ಆಗಲೂ ಕುದುರೆಯೇ. 1874ರಲ್ಲಿ ಹೆಂಡತಿಗೆ ಒಬ್ಬ ಪ್ರಿಯಕರನಿದ್ದಾನೆಂದು ತಿಳಿದು, ಅವನಿದ್ದಲ್ಲಿಗೆ ರಾತ್ರಿ ಹುಡುಕಿಕೊಂಡು ಹೋಗಿ ಗುಂಡಿಕ್ಕಿ ಕೊಂದ. ಮರುವರ್ಷ ಜ್ಯೂರಿ ಅದು ನ್ಯಾಯವೇ ಎಂದು ಬಿಟ್ಟುಬಿಟ್ಟಿತು. ಚಲನೆಯನ್ನು ನಿಲ್ಲಿಸುವ ಎರಡೂ ಬಗೆಗೆ ನಾವು ಇವತ್ತಿಗೂ ‘ಶೂಟ್’ ಎಂದೇ ಹೇಳುತ್ತೇವೆ. ಎರಡನ್ನೂ ಮಾಡಿದವನು ಇವನು. ಇನ್ನೊಂದು ಚೋದ್ಯ: ಫ್ರಾನ್ಸಿನ ಮರೇ ಎಂಬ ವಿಜ್ಞಾನಿ 1882ರಲ್ಲಿ ಸೆಕೆಂಡಿಗೆ ಹನ್ನೆರಡು ಚಿತ್ರ ತೆಗೆಯುವ ಕ್ಯಾಮೆರಾ ಮಾಡಿದ್ದು ಥೇಟ್ ಕೋವಿಯ ಆಕಾರದಲ್ಲಿ. ಹಾರುವ ಹಕ್ಕಿಗೆ ಗುರಿಯಿಟ್ಟು ಕುದುರೆ ಎಳೆದರೆ ಚಿತ್ರ ಬೀಳುತ್ತಿತ್ತು, ಹಕ್ಕಿ ಹಾರಿಕೊಂಡೇ ಹೋಗುತ್ತಿತ್ತು. (ಕೋವಿಯ ಟ್ರಿಗರ್‌ಗೂ ನಮ್ಮಲ್ಲಿ ಕುದುರೆ ಎಂದೇ ಹೆಸರು! ಈ ಪ್ರಾಣಿ ನನ್ನನ್ನು ಬಿಡುವಂತಿಲ್ಲ.)

ಇರಲಿ. 1878ರ ಜೂನ್. ಪಾಲೊ ಆಲ್ಟೊದಲ್ಲಿ ಸ್ಟ್ಯಾನ್‌ಫರ್ಡ್‌ನ ಕುದುರೆ ಲಾಯದ ಓಟದ ದಾರಿ. ಒಂದು ಬದಿಗೆ ಸಾಲಾಗಿ ಹನ್ನೆರಡು ಕ್ಯಾಮೆರಾ, ಎದುರು ಬದಿಗೆ ಬಿಳಿಯ ಪರದೆ. ದಾರಿಗೆ ಅಡ್ಡಲಾಗಿ ದಾರಗಳು. ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣುಕುದುರೆ ಓಡುತ್ತ ಒಂದೊಂದೇ ದಾರ ಹರಿದಂತೆ ಒಂದೊಂದೇ ಕ್ಯಾಮೆರಾ ಕಣ್ಣು ಮಿಟುಕಿಸಬೇಕು. ಇಪ್ಪತ್ತೇಳು ಅಂಗುಲಕ್ಕೆ ಒಂದು ಚಿತ್ರ, ಪ್ರತಿ ಚಿತ್ರಕ್ಕೂ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು ಬೆಳಕು ಎಂದು ಅವನು ಚಿತ್ರದ ಕೆಳಗೇ ಅಚ್ಚು ಹಾಕಿಸಿದ. ಪತ್ರಿಕೆಯವರನ್ನು ಕರೆಸಿದ ದಿನ ಓಟದ ನಡುವೆ ಜೀನಿನ ಪಟ್ಟಿ ಕಿತ್ತುಹೋಯಿತಂತೆ. ಕಿತ್ತ ಪಟ್ಟಿಯೂ ಚಿತ್ರದಲ್ಲಿ ಕಂಡಾಗ, ಇದರಲ್ಲಿ ಕೈಚಳಕವಿಲ್ಲ ಎಂದು ಅವರು ನಂಬಿದರು. ಕುದುರೆಯ ಪಟ್ಟಿ ಕಿತ್ತರೆ ಪುರಾವೆ. ನನ್ನ ಚಪ್ಪಲಿ ಜಾರಿದರೆ ನಗೆಪಾಟಲು.

ಸಾಹುಕಾರ ಗೆದ್ದ. ನಾಲ್ಕೂ ಕಾಲು ನೆಲ ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ, ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿ ಬಾಣದಂತೆ ಹಾರುವಾಗ ಅಲ್ಲ. ನಾಲ್ಕನ್ನೂ ಹೊಟ್ಟೆಯಡಿ ಮುದುಡಿ, ಚಳಿಗೆ ಕೈಕಾಲು ಒಳಗೆಳೆದುಕೊಂಡವರಂತೆ ಇರುವಾಗ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಜೆರಿಕೋ ಎಂಬ ಚಿತ್ರಕಾರನ 1821ರ ಕುದುರೆ ಪಂದ್ಯದ ಚಿತ್ರ ಒಂದೇ ಏಟಿಗೆ ಸುಳ್ಳಾಯಿತು. ಶಿಲ್ಪಿ ರೊದಾನ್ ಮಾತ್ರ ಚಿತ್ರಕಾರನ ಪಕ್ಷ ಹಿಡಿದ. ಕಾಲ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ನಿಲ್ಲಿಸಿ ತೋರಿಸುವ ಫೋಟೊವೇ ಸುಳ್ಳು ಹೇಳುತ್ತದೆ ಎಂಬುದು ಅವನ ವಾದ. ನನ್ನ ಪರವಾಗಿ ಇಷ್ಟು ಚೆನ್ನಾಗಿ ಇನ್ನೊಬ್ಬರು ಮಾತಾಡಿಲ್ಲ. ಇದನ್ನು ಅಕ್ಕನ ಮಗನಿಗೆ ಕಳಿಸಿದೆ. ಹೆಬ್ಬೆರಳು ಎತ್ತಿದ ಚಿತ್ರವೊಂದು ತಿರುಗಿ ಬಂತು.

ಮೈಬ್ರಿಜ್‌ನ ಒಂದು ವಿಷಯಕ್ಕೆ ಮಾತ್ರ ತಲೆಬಾಗಬೇಕು. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವನು ಮನುಷ್ಯರ, ಪ್ರಾಣಿಗಳ ಚಲನೆಯನ್ನೇ ಹಿಡಿಯುತ್ತ ಕೂತು, 1887ರಲ್ಲಿ 781 ಹಾಳೆ ಹೊರತಂದ. ಅವುಗಳಲ್ಲಿ ಅವನೂ ಇದ್ದಾನೆ. ಐವತ್ತು ದಾಟಿದ ಮೈ, ಬಿಳಿಯ ಗಡ್ಡ, ಮೈಮೇಲೆ ಒಂದು ನೂಲೂ ಇಲ್ಲ. ಬೇರೆಯವರ ಎತ್ತಿದ ಕಾಲು ಹಿಡಿಯುವವನು ತನ್ನದನ್ನೂ ಎತ್ತಿ ತೋರಿಸಿದ. ನಮ್ಮ ಹುಡುಗ ತಾನು ನಡೆಯುವ ಫೋಟೊ ಒಂದನ್ನಾದರೂ ಹಾಕಿದ್ದಾನೆಯೇ? ಹಾಕಿದ್ದೆಲ್ಲ ಗೋಡೆಗೊರಗಿ ನಿಂತದ್ದು.

ಸೇಡಿಗಾಗಿ ನಾನೂ ಹಿಡಿಯಲು ಕಲಿಯುತ್ತೇನೆಂದು ಪಕ್ಕದ ಮನೆಯ ನಾಯಿಯಿಂದ ಶುರುಮಾಡಿದೆ. ಮೊದಲ ದಿನ ಸಿಕ್ಕಿದ್ದು ಹುಲ್ಲು. ಎರಡನೆಯ ದಿನ ಹುಲ್ಲು ಮತ್ತು ಬಾಲ. ಮೂರನೆಯ ದಿನ ನಾಯಿಗೆ ವಿಷಯ ತಿಳಿಯಿತು. ಅಷ್ಟು ಹೊತ್ತು ಹುಚ್ಚೆದ್ದು ಓಡುವುದು, ನಾನು ಫೋನು ಎತ್ತಿದ ಕೂಡಲೇ ಬಂದು ಎದುರಿಗೆ ಕೂತು ನಾಲಗೆ ಚಾಚುವುದು. ಷಟರ್ ವೇಗ, ಅಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಡಿ ಎಂದು ಬಲ್ಲವರು ಹೇಳಿದರು. ಅದರ ಬದಲು ಮೂವತ್ತರಲ್ಲೊಂದು ಭಾಗಕ್ಕೆ ಇಟ್ಟು, ನಾಯಿಯ ಜೊತೆಗೇ ಫೋನನ್ನೂ ತಿರುಗಿಸಿದೆ. ಒಮ್ಮೆ, ಒಮ್ಮೆ ಮಾತ್ರ, ಮೂತಿ ಸ್ಪಷ್ಟವಾಗಿ ಬಂದು ಕಾಲುಗಳು ಹೊಗೆಯಂತೆ ಕಲಸಿಹೋದವು. ಎಷ್ಟು ಕಾಲಿವೆಯೆಂದು ಎಣಿಸಲಾಗದು. ಆದರೆ ಓಡುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಯಾರೂ ಅದಕ್ಕೆ ‘ಎಡವಿತಾ?’ ಎಂದು ಕೇಳಲಾರರು.

ಅದನ್ನು ಹಿಡಿದುಕೊಂಡು ಹುಡುಗನ ಮೇಲೆ ಏರಿಹೋದೆ. ಮೊದಲು ಕೈಕಾಲಿನ ವಿಷಯ. ‘ಫೋನು ಕನ್ನಡಿಯ ಹಾಗೆ ತಿರುಗಿಸಿರಬೇಕು’ ಎಂದ. ಕನ್ನಡಿಯಲ್ಲಿ ಬಲಗಾಲು ಎಡಗಾಲಾದರೆ ಬಲಗೈಯೂ ಎಡಗೈ ಆಗುತ್ತದಲ್ಲ, ಒಂಟೆ ಒಂಟೆಯೇ ಅಲ್ಲವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. ‘ಹಾಗಾದರೆ ನೀವು ಹಾಗೇ ನಡೆಯುತ್ತೀರೇನೋ’ ಎಂದ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಜಾರದಲ್ಲಿ ಹತ್ತು ಸಲ ಆಚೀಚೆ ನಡೆದೆ. ಐದು ಸಲ ಎಡಗೈ ಬಂತು, ನಾಲ್ಕು ಸಲ ಬಲಗೈ. ಒಂದು ಸಲ ಎರಡೂ ಬರಲಿಲ್ಲ.

ಮರುದಿನ ಇನ್ನೊಂದು ಗೊತ್ತಾಯಿತು. ಅವನು ಒಂದೇ ಫೋಟೊ ತೆಗೆದಿರಲಿಲ್ಲ. ಗುಂಡಿಯನ್ನು ಒತ್ತಿ ಹಿಡಿದು ಸರಸರನೆ ಮೂವತ್ತೆರಡು ತೆಗೆದಿದ್ದ. ‘ಎಲ್ಲ ನೋಡಿಯೇ ಕಳಿಸಿದ್ದು ಮಾವ. ಇರುವುದರಲ್ಲಿ ಇದೇ ಚೆನ್ನಾಗಿತ್ತು.’

ಉಳಿದ ಮೂವತ್ತೊಂದನ್ನು ಕಳಿಸು ಎಂದು ಕೇಳಬೇಕೆಂದಿದ್ದೇನೆ. ಇನ್ನೂ ಕೇಳಿಲ್ಲ.