ಪಿಕ್ಚರ್ ಕತ್ಲ ಇಲ್ರಿ, ನಮ್ಮೂರ ಟಾಕೀಸಿನ ಲ್ಯಾಂಪ್ ಸತ್ತದ

ಶುಕ್ರವಾರ ಮುಂಜಾನಿ ಶೋ ಬಿಟ್ಟ ಮ್ಯಾಲೆ ಕಲಬುರಗಿ ಯಾವ್ದೇ ಟಾಕೀಸ್ ಮುಂದಿನ ಚಾ ಅಂಗಡಿಗಿ ಹೋಗಿ ನಿಂದರ್ರಿ. ಹೊರಗ ಬಂದವ್ರ ಬಾಯಾಗ ಒಂದೇ ಮಾತು: “ಕಥಿ ಛಲೋ ಅದ, ಆದ್ರ ಪೂರಾ ಕತ್ಲ ಕತ್ಲ ತೆಗದಾರ. ಮಾತು ತಿಳಿಯಂಗಿಲ್ಲ. ಮ್ಯೂಸಿಕ್‌ದಾಗ ದಮ್ಮಿಲ್ಲ.” ಸಂಜಿ ಆಗೋದ್ರಾಗ ಅದೇ ಮಾತು ಎಲ್ಲರ ಮೊಬೈಲ್‌ನಾಗ ಎರಡು ಸ್ಟಾರ್ ಆಗಿ ತಿರಗ್ತದ. ಅದೇ ಪಿಕ್ಚರ್ ಬೆಂಗಳೂರಾಗ ನೋಡಿದವ್ರು ಕ್ಯಾಮೆರಾ ಕೆಲಸಕ್ಕ ಕೈ ಮುಗೀಲತ್ತಿರ್ತಾರ. ಇಬ್ಬರೂ ನೋಡಿದ್ದು ಒಂದೇ ಪಿಕ್ಚರ್. ಅಲ್ಲಿಗೊಂದು ಇಲ್ಲಿಗೊಂದು ಅಂತ ಯಾರೂ ಬ್ಯಾರೆ ಪ್ರಿಂಟ್ ಕಳಸಂಗಿಲ್ಲ. ಹಾರ್ಡ್ ಡಿಸ್ಕ್‌ದಾಗ ಬರ್ಲಿ, ಸ್ಯಾಟಲೈಟ್ ಮ್ಯಾಲೆ ಬರ್ಲಿ, ಪಿಕ್ಚರ್ ಅದೇ ಇರ್ತದ. ಫರಕ್ ಇರೋದು ನಾವು ಕುಂತ ಹಾಲ್‌ದಾಗ. ಅದರ ತಪ್ಪು ಮಾತ್ರ ಡೈರೆಕ್ಟರ್ ತಲಿ ಮ್ಯಾಲೆ, ಕ್ಯಾಮೆರಾಮನ್ ತಲಿ ಮ್ಯಾಲೆ ಬೀಳ್ತದ. ಇದು ನೋಡಿ ನೋಡಿ ಹೊಟ್ಟಿ ಉರೀತದ.

ಮೊದಲು ಬೆಳಕಿನ ಮಾತು. ಡಿಜಿಟಲ್ ಸಿನಿಮಾಕ್ಕ ಒಂದು ಲೆಕ್ಕ ಅದ: ಬಿಳಿ ಬಣ್ಣ ತೋರಿಸಿದಾಗ ಪರದೆ ನಡುವ 14 ಫುಟ್-ಲ್ಯಾಂಬರ್ಟ್ ಬೆಳಕಿರಬೇಕು. ಅಂದ್ರ 48 ನಿಟ್ಸ್; ಎರಡೂ ಬೆಳಕು ಅಳಿಯೋ ಮಾಪು. ಬಣ್ಣ ಕೂಡಿಸೋ ಸ್ಟುಡಿಯೋದಾಗ ಪರದೆ ಇಷ್ಟೇ ಬೆಳಕಿಗಿ ಇಟ್ಟು, ರಾತ್ರಿ ಸೀನ್‌ದಾಗ ಹೀರೋನ ಮಾರಿ ಎಷ್ಟು ಕಾಣಬೇಕು, ಹಿಂದಿನ ಗೋಡಿ ಎಷ್ಟು ಕಾಣಬೇಕು ಅಂತ ಒಂದೊಂದು ಶಾಟ್ ಕುಂತು ಮಾಡಿರ್ತಾರ. ಇಲ್ಲಿ ಪರದೆ ಮ್ಯಾಲೆ ಅದರ ಅರ್ಧ ಬೆಳಕು ಬಿದ್ರ ಹಗಲಿನ ಸೀನ್ ಹೆಂಗೋ ನಡೀತದ, ಕಣ್ಣು ಹೊಂದ್ಕೋತದ. ರಾತ್ರಿ ಸೀನ್ ಸತ್ತೇ ಹೋಗ್ತದ. ಕರಿ ಅಂಗಿ, ಕರಿ ಗೋಡಿ, ಕರಿ ಕೂದಲ ಎಲ್ಲಾ ಕೂಡಿ ಒಂದೇ ಮಸಿ.

ಬೆಳಕು ಯಾಕ ಕಮ್ಮಿ ಆಗ್ತದ? ಲೇಸರ್ ಪ್ರೊಜೆಕ್ಟರ್ ಇಲ್ಲದ ಕಡಿ ಉರಿಯೋದು ಜೆನಾನ್ ಲ್ಯಾಂಪ್. ಅದಕ್ಕ ಕಂಪನಿ ಇಂತಿಷ್ಟು ತಾಸು ಅಂತ ಆಯುಷ್ಯ ಬರದು ಕೊಟ್ಟಿರ್ತದ. ಲ್ಯಾಂಪ್ ದೊಡ್ಡದಾದಷ್ಟು ತಾಸು ಕಮ್ಮಿ. 1,500 ತಾಸಿನ ಲ್ಯಾಂಪ್ ಅಂತ ಹಿಡೀರಿ. ದಿನಕ್ಕ 4 ಶೋ, ಆ್ಯಡ್ ಟ್ರೇಲರ್ ಹಿಡದು ಒಂದೊಂದು ಶೋಕ್ಕ ಪೌಣೇ ಮೂರು ತಾಸು ಅಂದ್ರ ದಿನಕ್ಕ 11 ತಾಸು. ನಾಕೂವರಿ ತಿಂಗಳದಾಗ ಅದರ ಆಯುಷ್ಯ ಮುಗೀತು. ಆದ್ರ ಮುಗದ ಲ್ಯಾಂಪ್ ಫಟ್ ಅಂತ ಆರಂಗಿಲ್ಲ. ದಿನಾ ಸೊಲ್ಪ ಸೊಲ್ಪ ಮಂಕಾಗ್ತಾ ಹೋಗ್ತದ, ಹಿಂಗಾಗಿ ದಿನಾ ನೋಡೋ ಮಾಲಕ್ರ ಕಣ್ಣಿಗಿ ಅದು ಗೊತ್ತೇ ಆಗಂಗಿಲ್ಲ. ಲ್ಯಾಂಪ್ ಹಳೇದಾದಂಗ ಕರೆಂಟ್, ಅಂದ್ರ ಆ್ಯಂಪ್ಸ್, ಸೊಲ್ಪ ಸೊಲ್ಪ ಏರಿಸಿ ಬೆಳಕು ಬರಾಬರ್ ಇಡಬೇಕು. ಪ್ರೊಜೆಕ್ಟರ್ ಮೆನುದಾಗೇ ಆ ಸೆಟ್ಟಿಂಗ್ ಅದ. ಇಲ್ಲಿ ಮಾಡೋದು ಉಲ್ಟಾ. ಲ್ಯಾಂಪ್ ಉಳೀಲಿ ಅಂತ ಹೊಸದಿದ್ದಾಗಿಂದೇ ಕಮ್ಮಿ ಆ್ಯಂಪ್ಸ್ ಮ್ಯಾಲೆ ಉರಸ್ತಾರ. ತೀರಾ ಕಮ್ಮಿ ಮಾಡಿದ್ರ ಒಳಗಿನ ಆರ್ಕ್, ಅಂದ್ರ ಬೆಳಕು ಕೊಡೋ ಕರೆಂಟಿನ ಕಿಡಿ, ನಿಂದರಂಗಿಲ್ಲ, ಪರದೆ ಪಟಪಟ ಮಿನಗ್ತದ. ಅದಕ್ಕೂ ಜನ “ಪ್ರಿಂಟ್ ಖರಾಬ್ ಅದ” ಅಂತಾರ. ತಾಸು ಮೀರಿದ ಲ್ಯಾಂಪ್ ಒಡದ್ರ ಇನ್ನೂ ಕಠಿಣ. ಒಳಗ ಭಾಳ ಪ್ರೆಶರ್ ಇರ್ತದ, ಹಿಂದಿನ ರಿಫ್ಲೆಕ್ಟರ್ ಕನ್ನಡಿನೂ ಪುಡಿ ಮಾಡ್ತದ. ಒಂದು ಲ್ಯಾಂಪ್ ಉಳಿಸಾಕ ಹೋಗಿ ಎರಡು ಖರ್ಚು.

ಇನ್ನು ಧೂಳು. ಸೇಡಂ, ವಾಡಿ, ಶಹಾಬಾದ ಕಡಿ ಸಿಮೆಂಟ್ ಮತ್ತ ಸುಣ್ಣಗಲ್ಲಿನ ಧೂಳು, ಊರ ಸುತ್ತ ತೊಗರಿ ಬ್ಯಾಳಿ ಮಿಲ್ಲಿನ ಹೊಟ್ಟು, ಬ್ಯಾಸಿಗ್ಯಾಗ ಎರಿ ಭೂಮಿ ಒಣಗಿ ಏಳೋ ಮಣ್ಣು. ನಮ್ಮ ಭಾಗದಾಗ ಪ್ರೊಜೆಕ್ಟರ್‌ದ ಏರ್ ಫಿಲ್ಟರ್ ಬ್ಯಾರೆ ಊರಿನಕಿಂತ ಲಗೂ ತುಂಬ್ತದ, ಅದಕ್ಕ ಕಂಪನಿ ಪುಸ್ತಕದಾಗ ಬರದಷ್ಟು ದಿನ ಕಾಯಂಗೇ ಇಲ್ಲ. ಫಿಲ್ಟರ್ ಕಟ್ಟಿಕೊಂಡ್ರ ಗಾಳಿ ಹೋಗಂಗಿಲ್ಲ, ಮಷೀನ್ ಬಿಸಿ ಆಗ್ತದ. ಮೇ ತಿಂಗಳದಾಗ ಹೊರಗ 42–43 ಡಿಗ್ರಿ, ಪ್ರೊಜೆಕ್ಟರ್ ಇಡೋ ಕೋಣಿ, ಅಂದ್ರ ಬೂತಿನ ಏಸಿ ಬಂದ್, ಲ್ಯಾಂಪಿನ ಬಿಸಿ ಹೊರಗ ಒಯ್ಯೋ ಎಕ್ಸಾಸ್ಟ್ ಫ್ಯಾನ್‌ದಾಗೂ ದಮ್ಮಿಲ್ಲ. ಇಂಟರ್ವಲ್ ಆದ ಮ್ಯಾಲೆ ಲ್ಯಾಂಪ್ ತಾನೇ ಆಫ್ ಆಗ್ತದ. ಜನ ಸೀಟಿ ಹೊಡೀತಾರ, ಹತ್ತು ನಿಮಿಷ ಕತ್ಲದಾಗ ಕುಂದರ್ತಾರ. ಆಮ್ಯಾಲೆ ಬೂತ್ ಮುಂದಿನ ಗಾಜು, ಅದೇ ಪ್ರೊಜೆಕ್ಟರ್‌ದ ಬೆಳಕು ಹಾಲಿನೊಳಗ ಬರೋ ಸಣ್ಣ ಕಿಡಕಿ. ಅದನ್ನ ಮೆತ್ತನ ಅರಬಿ ತಗೊಂಡು ಒರಸಾಕ ಐದು ನಿಮಿಷ ಸಾಕು. ಒಂದು ಪೈಸಾ ಖರ್ಚಿಲ್ಲದ ಕೆಲಸ ಇದು, ಇದೂ ಆಗಂಗಿಲ್ಲ ಅಂದ್ರ ಏನ್ ಅನ್ನಬೇಕ್ರಿ?

ತ್ರೀಡಿ ಪಿಕ್ಚರ್ ಬಂದ ವಾರ ಇನ್ನೊಂದು ಅನ್ಯಾಯ ನಡೀತದ. ಮ್ಯಾಟ್ನಿ ತ್ರೀಡಿ ಡಬ್ಬಿಂಗ್ ಪಿಕ್ಚರ್, ಫಸ್ಟ್ ಶೋ ಕನ್ನಡ ಸಾದಾ ಪಿಕ್ಚರ್. ಲೆನ್ಸ್ ಮುಂದಿನ ಪೋಲರೈಸರ್ ಫಿಲ್ಟರ್ ತೆಗದು ಬಾಜೂಕ ಸರಸಬೇಕು. ಸರಸಲಿಲ್ಲ ಅಂದ್ರ ಅರ್ಧಕಿಂತ ಜಾಸ್ತಿ ಬೆಳಕು ಅಲ್ಲೇ ತಿಂತದ. ಚಷ್ಮಾ ಕೊಡದ ಶೋದಾಗ ಹಿಂದ ತಿರುಗಿ ಬೂತ್ ಕಿಡಕಿ ನೋಡ್ರಿ, ಫಿಲ್ಟರ್ ಮುಂದೇ ನಿಂತಿದ್ರ ಗೊತ್ತಾಗ್ತದ.

ಈಗ ಸೌಂಡ್. ಇದ್ರ ಬಗ್ಗೆ ಸಿಟ್ಟು ಇನ್ನೂ ಜಾಸ್ತಿ ಅದ. ಸೌಂಡ್ ನಡಸೋ ಡಾಲ್ಬಿ ಪ್ರೊಸೆಸರ್ ಮ್ಯಾಲೆ ಒಂದು ಫೇಡರ್, ಅಂದ್ರ ಸೌಂಡ್ ಏರಸೋ ಇಳಸೋ ಗುಂಡಿ ಇರ್ತದ, ಸೊನ್ನಿಯಿಂದ ಹತ್ತರ ತನಕ. ಪಿಕ್ಚರ್ ಮಿಕ್ಸ್ ಮಾಡಿದ್ದು 7ರ ಮ್ಯಾಲೆ. ಅಲ್ಲಿ ಪರದೆ ಹಿಂದಿನ ಒಂದೊಂದು ಸ್ಪೀಕರ್ 85 ಡೆಸಿಬೆಲ್‌ಗಿ ಸೆಟ್ ಆಗಿರಬೇಕು. 5.1, ಅಂದ್ರ ಐದು ಕಡಿ ಸ್ಪೀಕರ್ ಮತ್ತ ಒಂದು ಬೇಸ್ ಇರೋ ಹಾಲ್‌ದಾಗ ಗೋಡಿ ಮ್ಯಾಲಿನ ಸರೌಂಡ್ ಸ್ಪೀಕರ್ ಒಂದೊಂದು ಕಡಿಗಿ 82. ನಾಕರ ಮ್ಯಾಲೆ ಒಂದೊಂದು ನಂಬರಿಗಿ ಸುಮಾರು 3.3 ಡೆಸಿಬೆಲ್ ಫರಕ್. 7 ಇದ್ದದ್ದು 4ಕ್ಕ ಇಳಸಿದ್ರ 10 ಡೆಸಿಬೆಲ್ ಹೋತು, ಕಿವಿಗಿ ಅರ್ಧ ಆದಂಗ ಕೇಳಸ್ತದ. ನಾಕರ ಕೆಳಗ ಹೋದ್ರಂತೂ ಒಂದೇ ನಂಬರಿಗಿ 20 ಡೆಸಿಬೆಲ್ ಬೀಳ್ತದ. ಪಿಸುಮಾತು, ಉಸುರು, ದೂರದ ಗುಡಿ ಗಂಟಿ, ಎಲ್ಲಾ ಫ್ಯಾನಿನ ಸಪ್ಪಳದಾಗ ಮುಳಗ್ತವ.

ಯಾಕ ಇಳಸ್ತಾರ ಅಂದ್ರ ಆ್ಯಡ್ ಮತ್ತ ಟ್ರೇಲರ್ ಭಾಳ ಜೋರಾಗಿ ಮಿಕ್ಸ್ ಆಗಿರ್ತಾವ. ಜನ ಕಿವಿ ಮುಚ್ಕೋತಾರ, ಆಪರೇಟರ್ ಫೇಡರ್ 4.5ಕ್ಕ ಇಳಸ್ತಾನ. ಪಿಕ್ಚರ್ ಚಾಲೂ ಆದ ಮ್ಯಾಲೆ ಏರಸಾಂವ ಯಾರೂ ಇಲ್ಲ. ಪ್ಲೇಲಿಸ್ಟ್‌ದಾಗೇ ಆ್ಯಡಿಗಿ ಇಷ್ಟು, ಪಿಕ್ಚರಿಗಿ ಇಷ್ಟು ಅಂತ ಕ್ಯೂ, ಅಂದ್ರ ಮೊದಲೇ ಹುಕುಂ ಹಾಕಿ ಇಟ್ರ ಮಷೀನೇ ತಾನಾಗಿ ಬದಲಿ ಮಾಡ್ತದ. ಶುಕ್ರವಾರ ಮುಂಜಾನಿ ಒಮ್ಮಿ ಮಾಡಿದ್ರ ವಾರ ಪೂರ್ತಿ ನಡೀತದ. ಆದ್ರ ಒಬ್ಬನೇ ಆಪರೇಟರ್ ಮೂರು ಸ್ಕ್ರೀನ್ ನೋಡ್ಕೊಂಡು ಗೇಟಿನ್ಯಾಗ ಟಿಕೆಟ್ ಹರದ್ರ ಇದು ಯಾವಾಗ ಆಗಬೇಕು? ಆ ಹುಡಗಂದು ತಪ್ಪಲ್ಲ. ಅವನಿಗಿ ಕಲಸಾಕ ರೊಕ್ಕ ಹಾಕದ ಮಾಲಕ್ರದು ತಪ್ಪು.

ಮಾತು ಬರೋದು ನಡುವಿನ ಸ್ಪೀಕರ್‌ದಾಗ, ಪರದೆ ಹಿಂದ. ಅದರ ಮ್ಯಾಲಿನ ಹಾರ್ನ್‌ದಾಗ ಡಯಾಫ್ರಮ್ ಅಂತ ತೆಳ್ಳನ ಹಾಳಿ ಇರ್ತದ. ಅದು ಹರೀತು ಅಂದ್ರ ‘ಸ’, ‘ಷ’, ‘ತ’, ‘ಚ’ ಅಕ್ಷರ ಮಾಯ. ದನಿ ಕೇಳ್ತದ, ಶಬ್ದ ತಿಳಿಯಂಗಿಲ್ಲ, ಕೌದಿ ಒಳಗ ಬಾಯಿ ಇಟ್ಟು ಮಾತಾಡಿದಂಗ. ಪೂರಾ ಸ್ಪೀಕರ್ ಬದಲಿ ಮಾಡೋದು ಬ್ಯಾಡ, ಡಯಾಫ್ರಮ್ ಒಂದೇ ಸಿಗ್ತದ, ಸ್ಕ್ರೂ ಬಿಚ್ಚಿ ಹಾಕಬೇಕು. ಪರದೆಗಿ ಸಣ್ಣ ಸಣ್ಣ ತೂತು ಇರೋದೂ ಇದಕ್ಕೇ, ಸೌಂಡ್ ಮುಂದ ಬರಲಿ ಅಂತ. ಧೂಳು ಅಂಟಿ ಆ ತೂತು ಮುಚ್ಚಿದ್ರೂ ಹಿಂಗೇ ಆಗ್ತದ. ನಮ್ಮ ಕಲಬುರಗಿ, ಬೀದರ ಮಾತು ಪಿಕ್ಚರ್‌ದಾಗ ಬರೋದೇ ಅಪರೂಪ. ಬಂದಾಗ ನಮ್ಮ ಜನಕ್ಕೇ ಅದು ತಿಳಿಯಂಗಿಲ್ಲ ಅಂದ್ರ ಅದಕಿಂತ ದೊಡ್ಡ ಸಂಕಟ ಏನದ? ಸರೌಂಡ್ ಅಂತೂ ಕೇಳಬ್ಯಾಡ್ರಿ. ಮಳಿ ಸೀನ್ ಬಂದಾಗ ಬಾಜೂ ಗೋಡಿ ಸ್ಪೀಕರ್ ಕೆಳಗ ಹೋಗಿ ನಿಂದರ್ರಿ. ಸಪ್ಪಳಿಲ್ಲ ಅಂದ್ರ ಆಂಪ್ಲಿಫೈಯರ್ ಬಂದ್ ಆಗ್ಯದ, ಇಲ್ಲಾ ವೈರ್ ಕಡದದ.

ಪರದೆ ಆಕಾರದ ಮಾತು ಲಗೂ ಮುಗಸ್ತೀವಿ. ಪಿಕ್ಚರ್ ಎರಡು ನಮೂನಿ ಬರ್ತಾವ: ಎತ್ತರಕ್ಕ 1.85 ಪಟ್ಟು ಅಗಲ ಇದ್ರ ಫ್ಲ್ಯಾಟ್, 2.39 ಪಟ್ಟು ಇದ್ರ ಸ್ಕೋಪ್. ಎರಡಕ್ಕೂ ಲೆನ್ಸ್ ಜೂಮ್ ಬ್ಯಾರೆ, ಕರಿ ಪರದೆ ಸರಸೋದೂ ಬ್ಯಾರೆ. ಒಂದೇ ಸೆಟ್ಟಿಂಗ್‌ದಾಗ ಎಲ್ಲಾ ಓಡಸಿದ್ರ ಒಂದೋ ಮ್ಯಾಲೆ ಕೆಳಗ ಮಬ್ಬು ಬೂದಿ ಪಟ್ಟಿ ಬರ್ತದ, ಇಲ್ಲಾ ತಲಿ ಕಟ್ಟಾಗಿ ಸಬ್‌ಟೈಟಲ್ ಪರದೆ ಕೆಳಗ ಗೋಡಿ ಮ್ಯಾಲೆ ಬೀಳ್ತದ. ಕ್ಲೈಮ್ಯಾಕ್ಸ್ ಇನ್ನೂ ಮುಗದಿರಂಗಿಲ್ಲ, ಬಾಗಿಲ ತೆಗೀತಾರ, ಹೊರಗಿನ ಟ್ಯೂಬ್‌ಲೈಟ್ ಪರದೆಗಿ ಹೊಡೀತದ. ಇಂಟರ್ವಲ್ ಆದ ಮ್ಯಾಲೆ ಡೀಸೆಲ್ ಉಳಿಸಾಕ ಏಸಿ ಬಂದ್.

ರೊಕ್ಕ ಮಾತ್ರ ಪೂರಾ ಬೇಕು. 100 ರೂಪಾಯಿ ತನಕದ ಟಿಕೆಟ್ ಮ್ಯಾಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12 ಇದ್ದದ್ದು 5 ಪರ್ಸೆಂಟ್ ಆಗ್ಯದ. ಅಂದ್ರ 100ರ ಟಿಕೆಟ್ 112 ಇದ್ದದ್ದು 105 ಆಗಬೇಕು. ಕೌಂಟರ್‌ದಾಗ ಟಿಕೆಟ್ ಹಿಂದ ಮುಂದ ತಿರಗಿಸಿ ಮೂಲ ಬೆಲಿ ಎಷ್ಟು, ತೆರಿಗಿ ಎಷ್ಟು ಓದ್ರಿ. ನೂರು ದಾಟಿದ್ರ 18 ಪರ್ಸೆಂಟ್ ಹಂಗೇ ಅದ. ಅದೇ ತಿಂಗಳು 12ಕ್ಕ ನಮ್ಮ ಸರ್ಕಾರ ತೆರಿಗಿ ಬಿಟ್ಟು 200 ರೂಪಾಯಿ ಮಿತಿ ಅಂತ ಆದೇಶ ಹೊರಡಿಸ್ತು, 23ಕ್ಕ ಹೈಕೋರ್ಟ್ ತಡಿಯಾಜ್ಞೆ ಕೊಡ್ತು. ಪೇಪರ್‌ದಾಗ ಎಲ್ಲಾ ಬೆಲಿದೇ ಜಗಳ. ಆ ಬೆಲಿಗಿ ಏನು ಸಿಗಬೇಕು, ಎಷ್ಟು ಬೆಳಕು, ಎಷ್ಟು ಸೌಂಡ್ ಅಂತ ಯಾರೂ ಬಾಯಿ ಬಿಡಲಿಲ್ಲ.

ಬಾಡಿಗಿ ಪದ್ಧತಿನೂ ಇದಕ್ಕ ಒಂದು ಕಾರಣ. ನಮ್ಮ ರಾಜ್ಯದ ಭಾಳ ಸಿಂಗಲ್ ಸ್ಕ್ರೀನ್‌ದಾಗ ವಿತರಕರು ಮಾಲಕ್ರಿಗಿ ವಾರಕ್ಕ ಇಷ್ಟು ಬಾಡಿಗಿ ಅಂತ ಗೊತ್ತು ಮಾಡಿರ್ತಾರ. ಜನ ಬರ್ಲಿ ಬಿಡ್ಲಿ, ಬಾಡಿಗಿ ಬರ್ತದ. ಲ್ಯಾಂಪ್ ಬದಲಿ ಮಾಡಿದ್ರ ಮಾಲಕ್ರಿಗಿ ಖರ್ಚು, ಜನ ಜಾಸ್ತಿ ಬಂದ್ರ ಲಾಭ ವಿತರಕರದು. ಟಿಕೆಟ್ ರೊಕ್ಕದಾಗ ಪಾಲು ಅನ್ನೋ ಪರ್ಸೆಂಟೇಜ್ ಲೆಕ್ಕ ಇದ್ರ ಛಲೋ ತೋರಸ್ಬೇಕು ಅಂತ ಅವ್ರಿಗೂ ಅನಸ್ತಿತ್ತು.

ಇದರ ಪೆಟ್ಟು ಜಾಸ್ತಿ ಬೀಳೋದು ಕನ್ನಡ ಪಿಕ್ಚರಿಗಿ. ಇಲ್ಲಿ ಮಂದಿ ಹಿಂದಿ ನೋಡ್ತಾರ, ತೆಲುಗು ನೋಡ್ತಾರ, ನೋಡ್ಲಿ, ಯಾರೂ ಬ್ಯಾಡ ಅನ್ನಂಗಿಲ್ಲ. ಬೀದರದಿಂದ ಹೈದರಾಬಾದ್ ಬರೇ 140 ಕಿಲೋಮೀಟರ್ ಆಸುಪಾಸು. 1956ರಾಗ ನಾವು ಕನ್ನಡ ರಾಜ್ಯಕ್ಕ ಬಂದ್ವಿ, 2019ರಾಗ ಭಾಗದ ಹೆಸರೂ ಕಲ್ಯಾಣ ಕರ್ನಾಟಕ ಆಯ್ತು, ಆದ್ರ ಹಿಂದಿ ಪಿಕ್ಚರ್ ವ್ಯಾಪಾರದಾಗ ನಮ್ಮ ಜಿಲ್ಲಾ ಇನ್ನೂ ನಿಜಾಮ್ ಸರ್ಕಿಟ್, ಅಂದ್ರ ಹಳೇ ಹೈದರಾಬಾದ್ ಸಂಸ್ಥಾನದ ಹೆಸರಿನ ವಿತರಣೆ ಭಾಗದ ಲೆಕ್ಕದಾಗೇ ಬರ್ತಾವ. ದೊಡ್ಡ ತೆಲುಗು ಪಿಕ್ಚರ್ ಬಂದ್ರ ಛಲೋ ಸ್ಕ್ರೀನ್, ಛಲೋ ಟೈಂ ಅದಕ್ಕ. ಸಣ್ಣ ಕನ್ನಡ ಪಿಕ್ಚರಿಗಿ ಮುಂಜಾನಿ 10ರ ಶೋ, ಅದೂ ಎಲ್ಲಾಕಿಂತ ಹಳೇ ಲ್ಯಾಂಪ್ ಇದ್ದ ಸ್ಕ್ರೀನ್‌ದಾಗ. ಅಂಥ ಹಾಲ್‌ದಾಗ ನೋಡಿದವ್ರು “ಕತ್ಲ ಅದ, ಮಾತು ತಿಳಿಯಂಗಿಲ್ಲ” ಅಂತ ಹೇಳ್ತಾರ. ಶನಿವಾರ ಜನ ಬರಂಗಿಲ್ಲ. ಸೋಮವಾರ ಪಿಕ್ಚರ್ ಎತ್ತತಾರ. “ಇಲ್ಲಿ ಕನ್ನಡ ಓಡಂಗಿಲ್ಲರಿ” ಅಂತ ವಿತರಕರಿಗಿ ಫೋನ್ ಹೋಗ್ತದ. ಓಡಾಕ ಬಿಟ್ರಲ್ಲಾ ಓಡೋದು?

ಅದಕ್ಕ ಹೇಳೋದು, ಶೋ ಬಿಟ್ಟ ಮ್ಯಾಲೆ ಬೈಬ್ಯಾಡ್ರಿ, ಪಿಕ್ಚರ್ ಚಾಲೂ ಆದ ಮೊದಲಿನ ಐದು ನಿಮಿಷದಾಗ ಎದ್ದು ಹೋಗಿ ಹೇಳ್ರಿ. “ಸೌಂಡ್ ಸರಿ ಇಲ್ಲ” ಅಂದ್ರ ಯಾರೂ ಕೇಳಂಗಿಲ್ಲ. “ಫೇಡರ್ ಎಷ್ಟರ ಮ್ಯಾಲೆ ಅದ? ಎಡಗಡಿ ಸರೌಂಡ್ ಬಂದ್ ಅದ. ಪಿಕ್ಚರ್ ಸ್ಕೋಪ್ ಅದ, ನೀವು ಫ್ಲ್ಯಾಟ್‌ದಾಗ ಹಾಕೀರಿ” ಅಂತ ಹೆಸರು ಹಿಡದು ಹೇಳ್ರಿ, ಆಪರೇಟರ್ ಎದ್ದು ಓಡ್ತಾನ. ಪುರಾವೆ ಅಂತ ಪಿಕ್ಚರ್ ರೆಕಾರ್ಡ್ ಮಾತ್ರ ಮಾಡಬ್ಯಾಡ್ರಿ. ಸಿನಿಮಾಟೋಗ್ರಾಫ್ ಕಾಯ್ದೆಗಿ 2023ರ ತಿದ್ದುಪಡಿ ಆದ ಮ್ಯಾಲೆ ಅದಕ್ಕ ಕಮ್ಮಿ ಅಂದ್ರ 3 ತಿಂಗಳ ಜೈಲು, 3 ಲಕ್ಷ ರೂಪಾಯಿ ದಂಡ. ಕ್ಲೈಮ್ಯಾಕ್ಸ್ ಸ್ಟೇಟಸ್‌ಗಿ ಹಾಕೋ ಹುಡುಗ್ರೂ ಇದು ತಿಳ್ಕೋರಿ. ಟಿಕೆಟ್ ಜ್ವಾಕಿ ಇಡ್ರಿ, ತಾರೀಖು, ಶೋ, ಸ್ಕ್ರೀನ್ ನಂಬರ್ ಬರಕೊಳ್ರಿ. ಮ್ಯಾನೇಜರ್ ಕೇಳಲಿಲ್ಲ ಅಂದ್ರ ಗ್ರಾಹಕರ ಸಹಾಯವಾಣಿ 1915 ಅದ. ಟಾಕೀಸಿಗಿ ಲೈಸೆನ್ಸ್ ಕೊಡೋದು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದ್ರ ಡಿಸಿ ಸಾಹೇಬ್ರು. ಅವ್ರ ಕಚೇರಿಗೂ ಒಂದು ಅರ್ಜಿ ಕೊಡ್ರಿ.

ಟಾಕೀಸಿನವ್ರಿಗಿ ನಮ್ಮ ಬೇಡಿಕಿ ದೊಡ್ಡದೇನಿಲ್ಲ. ಲ್ಯಾಂಪ್ ಎಷ್ಟು ತಾಸು ಉರದದ ಅಂತ ಪ್ರೊಜೆಕ್ಟರ್ ಮೆನುದಾಗೇ ತೋರಸ್ತದ. ಆ ನಂಬರ್, ಲ್ಯಾಂಪ್ ಹಾಕಿದ ತಾರೀಖು, ಪಿಕ್ಚರಿಗಿ ಇಟ್ಟ ಫೇಡರ್ ನಂಬರ್, ಈ ಮೂರೂ ಪ್ರತಿ ಶುಕ್ರವಾರ ಟಿಕೆಟ್ ಕೌಂಟರ್ ಬಾಜೂಕ ಒಂದು ಕರಿ ಹಲಗಿ ಮ್ಯಾಲೆ ಚಾಕ್‌ಲೆ ಬರೀರಿ. ಅದು ಓದಿ ನಾವು ಟಿಕೆಟ್ ತಗೋತೀವಿ.