ಸ್ಯಾಂಕ್ಷನ್ ಲೆಟರಿಗೆ ಸಹಿ ಬಿದ್ದ ಮೇಲೆ ಬ್ಯಾಂಕು ಹಿಂದೆ ಸರಿಯಬಹುದೇ?

ಗೃಹಸಾಲ ಮಂಜೂರಾಗಿ, ಮಂಜೂರಾತಿ ಪತ್ರ (ಸ್ಯಾಂಕ್ಷನ್ ಲೆಟರ್) ಕೈಸೇರಿದೆ. ಗ್ರಾಹಕರು ಷರತ್ತುಗಳನ್ನು ಒಪ್ಪಿ, ಸಹಿ ಹಾಕಿ, ಒಂದು ಪ್ರತಿಯನ್ನು ಶಾಖೆಗೆ ವಾಪಸ್ ಕೊಟ್ಟಿದ್ದಾರೆ. ಹಣ ಇನ್ನೂ ಬಿಡುಗಡೆಯಾಗಿಲ್ಲ. ಈ ಹಂತದಲ್ಲಿ ಬ್ಯಾಂಕು ‘ಕೊಡಲಾಗುವುದಿಲ್ಲ’ ಎಂದರೆ ಅದು ಕರಾರಿನ ಉಲ್ಲಂಘನೆಯೇ?

ಪರ: ಸಹಿ ಬಿದ್ದ ದಿನವೇ ಕರಾರು

1872ರ ಭಾರತೀಯ ಕರಾರು ಕಾಯ್ದೆ ಬೇಡುವುದು ಹೆಚ್ಚೇನಲ್ಲ. ಒಬ್ಬರು ಪ್ರಸ್ತಾಪ ಇಡಬೇಕು, ಇನ್ನೊಬ್ಬರು ಅದನ್ನು ತಿದ್ದದೆ, ಇದ್ದಂತೆಯೇ ಒಪ್ಪಬೇಕು, ಪ್ರತಿಫಲ (ಕೊಟ್ಟ ಮಾತಿಗೆ ಬದಲಾಗಿ ಸಿಗುವಂಥದ್ದು) ಇರಬೇಕು. ಮಂಜೂರಾತಿ ಪತ್ರದಲ್ಲಿ ಸಾಲದ ಮೊತ್ತವಿದೆ, ಬಡ್ಡಿ ದರವಿದೆ, ಅವಧಿಯಿದೆ, ಇಎಂಐ ಎಷ್ಟೆಂದೂ ಇದೆ. ಗ್ರಾಹಕರ ಸಹಿ ಒಪ್ಪಿಗೆ, ಬಡ್ಡಿ ಕಟ್ಟುವ ಮಾತು ಪ್ರತಿಫಲ. ಸಾಲದೆಂಬಂತೆ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ ಬೇರೆ ಕಟ್ಟಿಸಿಕೊಂಡಾಗಿದೆ. ಪ್ರಸ್ತಾಪವನ್ನು ಹಿಂಪಡೆಯುವುದಿದ್ದರೆ ಗ್ರಾಹಕರು ಒಪ್ಪಿಗೆ ಕಳುಹಿಸುವ ಮುಂಚೆಯೇ ಹಿಂಪಡೆಯಬೇಕಿತ್ತು ಎನ್ನುತ್ತದೆ ಅದೇ ಕಾಯ್ದೆ.

‘ಷರತ್ತುಗಳಿವೆಯಲ್ಲ’ ಎಂಬುದು ಬ್ಯಾಂಕಿನವರ ಮಾಮೂಲಿ ಉತ್ತರ. ಇರಲಿ. ಇಂಥದ್ದು ನಡೆದರೆ ಮಾತ್ರ ಜಾರಿಯಾಗುತ್ತದೆ ಎಂಬ ಕರಾರೂ ಕರಾರೇ. ಅಂಥವಕ್ಕೆಂದೇ ಕಾಯ್ದೆಯಲ್ಲಿ 31ನೇ ಕಲಂನಿಂದ ಒಂದು ಅಧ್ಯಾಯವಿದೆ. ಮನೆಯ ದಾಖಲೆ ಸರಿಯಿಲ್ಲದಿದ್ದರೆ ಸಾಲ ಬೇಡ, ಒಪ್ಪುತ್ತೇನೆ. ಆದರೆ ದಾಖಲೆ ಸರಿಯಿದ್ದೂ ‘ಮೇಲಿನವರು ಪಾಲಿಸಿ ಬದಲಿಸಿದ್ದಾರೆ’ ಎಂದರೆ ಅದು ಯಾವ ಷರತ್ತಿನ ಕೆಳಗೆ ಬರುತ್ತದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಪರಿಸ್ಥಿತಿಯನ್ನು ಕಾನೂನು ಯಾಕೆ ಒಪ್ಪಿಕೊಳ್ಳಬೇಕು?

ನಷ್ಟ ಯಾರಿಗೆ ಎಂದು ನೋಡಿ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಮೊದಲು ಮಾಡುವುದು ಕ್ರಯದ ಕರಾರು. ಮುಂಗಡ ಕೊಟ್ಟು, ಇಷ್ಟು ತಿಂಗಳೊಳಗೆ ಕ್ರಯಪತ್ರ ನೋಂದಣಿ ಮಾಡಿಸಿಕೊಳ್ಳುತ್ತೇನೆ, ತಪ್ಪಿದರೆ ಮುಂಗಡ ಮುಟ್ಟುಗೋಲು ಎಂದು ಬರೆದುಕೊಟ್ಟಿರುತ್ತಾರೆ. ಆ ಕರಾರಿನ ಪ್ರತಿಯನ್ನು ಬ್ಯಾಂಕೇ ಕೇಳಿ ಪಡೆದು ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಕರಾರು ಮುರಿದರೆ ಇಂಥ ನಷ್ಟವಾಗುತ್ತದೆಂದು ಎರಡೂ ಕಡೆಯವರಿಗೆ ಮೊದಲೇ ಗೊತ್ತಿದ್ದಲ್ಲಿ ಅದಕ್ಕೆ ಪರಿಹಾರ ಸಲ್ಲಬೇಕೆಂಬುದು 73ನೇ ಕಲಂ. ‘ನಮಗೆ ಗೊತ್ತಿರಲಿಲ್ಲ’ ಎನ್ನಲು ಬ್ಯಾಂಕಿಗೆ ಬಾಯಿಲ್ಲ.

ಕೆಲವು ಬ್ಯಾಂಕುಗಳ ನಡವಳಿಕೆಯೇ ಅವುಗಳ ವಾದಕ್ಕೆ ವಿರುದ್ಧವಾಗಿದೆ. ಹಣ ಕೈಗೆ ಕೊಟ್ಟ ದಿನದಿಂದಲ್ಲ, ಮಂಜೂರಾದ ದಿನದಿಂದಲೋ ಕರಾರಿಗೆ ಸಹಿಯಾದ ದಿನದಿಂದಲೋ ಬಡ್ಡಿ ಹಾಕುತ್ತಿದ್ದ ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ತಪಾಸಣೆಯಲ್ಲಿ ಸಿಕ್ಕಿಬಿದ್ದವು. ಹೆಚ್ಚುವರಿ ಬಡ್ಡಿಯನ್ನು ಹಿಂದಿರುಗಿಸಬೇಕೆಂದು 2024ರ ಏಪ್ರಿಲ್‌ 29ರ ಸುತ್ತೋಲೆಯಲ್ಲಿ ಅದು ತಾಕೀತು ಮಾಡಿತು. ಬಡ್ಡಿ ಎಣಿಸಲು ಮಂಜೂರಾತಿಯೇ ಸಾಲ, ಹಣ ಕೊಡಲು ಮಾತ್ರ ಅದು ಬರೀ ಕಾಗದ!

ಸುಪ್ರೀಂ ಕೋರ್ಟು 1983ರಲ್ಲೇ ದಾರಿ ತೋರಿಸಿದೆ. ಬರೋಡದಲ್ಲಿ ಹೋಟೆಲ್ ಕಟ್ಟಲು ಲೋಟಸ್ ಹೋಟೆಲ್ಸ್‌ಗೆ ಗುಜರಾತ್ ರಾಜ್ಯ ಹಣಕಾಸು ನಿಗಮ ಸುಮಾರು 30 ಲಕ್ಷ ರೂಪಾಯಿ ಮಂಜೂರು ಮಾಡಿ, ಆಮೇಲೆ ಕೈಯೆತ್ತಿತು. ಕಂಪನಿ ಆ ಮಾತನ್ನು ನಂಬಿ ಕೆಲಸ ಶುರುಮಾಡಿ ಖರ್ಚು ಮಾಡಿತ್ತು. ನಂಬಿಸಿ ನಡುನೀರಿನಲ್ಲಿ ಕೈಬಿಡುವಂತಿಲ್ಲ ಎಂಬುದೇ ತೀರ್ಪಿನ ಸಾರ. ಸಾಲ ಕೊಡಬೇಕೆಂಬ ಆದೇಶವನ್ನು ಕೋರ್ಟು ಎತ್ತಿಹಿಡಿಯಿತು. ಮನೆ ಕೊಳ್ಳುವ ಸಂಬಳದಾರರು ಹೋಟೆಲ್ ಕಂಪನಿಗಿಂತ ಕಡಿಮೆ ನಂಬಿರುತ್ತಾರೆಯೇ?

ವಿರೋಧ: ಷರತ್ತು ಪೂರೈಸುವವರೆಗೆ ಬ್ಯಾಂಕಿಗೆ ದಾರಿ ಇರಲಿ

ಲೋಟಸ್ ಪ್ರಕರಣವನ್ನು ಎಲ್ಲರೂ ಎತ್ತಿ ಹಿಡಿಯುತ್ತಾರೆ, ಪೂರ್ತಿ ಹೇಳುವವರು ಕಡಿಮೆ. ಅಲ್ಲಿ ಬರೀ ಮಂಜೂರಾತಿ ಪತ್ರವಿರಲಿಲ್ಲ, ಸಾಲ ಕೊಡುವ ಒಪ್ಪಂದವೂ ಆಗಿತ್ತು. ಎದುರಿಗಿದ್ದದ್ದು ಸರ್ಕಾರದ ನಿಗಮ, ಅದರ ಮೇಲೆ ರಿಟ್ (ಸರ್ಕಾರಿ ಸಂಸ್ಥೆಗಳ ವಿರುದ್ಧ ನೇರ ಹೈಕೋರ್ಟಿಗೆ ಹೋಗುವ ಅರ್ಜಿ) ಹಾಕಬಹುದಿತ್ತು. ಖಾಸಗಿ ಬ್ಯಾಂಕಿನ ಮೇಲೆ ಸಾಮಾನ್ಯವಾಗಿ ರಿಟ್ ನಡೆಯದೆಂದು ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನು ಸಿವಿಲ್ ಕೋರ್ಟಿಗೆ ಹೋದರೆ, ಹಣ ಸಾಲ ಕೊಡುವ ಕರಾರನ್ನು ಬಲವಂತವಾಗಿ ಜಾರಿ ಮಾಡಿಸುವುದಿಲ್ಲ, ನಷ್ಟವಾಗಿದ್ದರೆ ಪರಿಹಾರ ಕೇಳಿ ಎಂಬುದೇ ಹಳೆಯ ಕಾಲದಿಂದ ಬಂದ ನಿಯಮ.

ಮಂಜೂರಾತಿ ಪತ್ರ ಬರುವ ಹೊತ್ತಿಗೆ ಬ್ಯಾಂಕು ನೋಡಿರುವುದೇನು? ಸಂಬಳದ ಚೀಟಿ, ಸಿಬಿಲ್ ಅಂಕ, ಆದಾಯ ತೆರಿಗೆಯ ರಿಟರ್ನು. ಅಂದರೆ ಮನುಷ್ಯನನ್ನು ನೋಡಿದೆ, ಮನೆಯನ್ನು ನೋಡಿಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು ಮೂಲಪತ್ರಗಳನ್ನು, ಇಸಿಯನ್ನು (ಋಣಭಾರ ಪ್ರಮಾಣಪತ್ರವನ್ನು) ಜಾಲಾಡುವುದು, ಎಂಜಿನಿಯರ್ ಬಂದು ಬೆಲೆ ಕಟ್ಟುವುದು ಬಹಳ ಸಲ ಆಮೇಲಿನ ಕೆಲಸ. ಹಿಂದಿನ ಮಾಲೀಕರ ತಂಗಿ ವಿಭಾಗಪತ್ರಕ್ಕೆ ಸಹಿ ಹಾಕಿಲ್ಲ, ಖಾತಾ ಬಿ ರಿಜಿಸ್ಟರಿನಲ್ಲಿದೆ (ನಿಯಮ ಮೀರಿದ ಆಸ್ತಿಗಳ ಪಟ್ಟಿಯಲ್ಲಿದೆ), ನಕ್ಷೆಯಲ್ಲಿ ಮೂರಂತಸ್ತು ಇದ್ದರೆ ಕಟ್ಟಿದ್ದು ಐದು. ಬೆಂಗಳೂರಿನ ಆಸ್ತಿಗಳಲ್ಲಿ ಇಂಥವು ಅಪರೂಪವೇನಲ್ಲ. ಸಹಿ ಬಿದ್ದ ದಿನದಿಂದಲೇ ಬ್ಯಾಂಕು ಸಿಕ್ಕಿಕೊಳ್ಳುತ್ತದೆ ಎಂದಾದರೆ, ಈ ತಪಾಸಣೆಯೆಲ್ಲ ಮುಗಿಯುವ ತನಕ ಮಂಜೂರಾತಿ ಪತ್ರವನ್ನೇ ಕೊಡುವುದಿಲ್ಲ. ಪತ್ರವಿಲ್ಲದೆ ಮಾಲೀಕರು ಮಾತಿಗೇ ಕೂರದಿದ್ದರೆ ಪರದಾಡುವವರು ಅದೇ ಗ್ರಾಹಕರು.

ಪರ ವಾದ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಕರಾರು ಎಂದ ಮೇಲೆ ಇಬ್ಬರನ್ನೂ ಕಟ್ಟಬೇಕಲ್ಲವೇ? ಮೂರು ಬ್ಯಾಂಕುಗಳಲ್ಲಿ ಅರ್ಜಿ ಹಾಕಿ, ಮೂರರಲ್ಲೂ ಮಂಜೂರು ಮಾಡಿಸಿಕೊಂಡು, ಕಾಲು ಪರ್ಸೆಂಟ್ ಕಡಿಮೆ ಬಡ್ಡಿ ಕೊಟ್ಟವರ ಕಡೆ ಹೋಗುವುದು ಜಾಣ ಗ್ರಾಹಕರ ರೂಢಿ. ನಾನದನ್ನು ತಪ್ಪೆನ್ನುವುದಿಲ್ಲ. ಉಳಿದೆರಡು ಬ್ಯಾಂಕುಗಳೂ ‘ಸಹಿ ಹಾಕಿದ್ದೀರಿ, ಸಾಲ ತಗೊಳ್ಳಿ’ ಎಂದು ದಾವೆ ಹೂಡುವುದಿಲ್ಲ. ಹೋದದ್ದು ಪ್ರೊಸೆಸಿಂಗ್ ಶುಲ್ಕ ಮಾತ್ರ. ಆ ಶುಲ್ಕ ಅರ್ಜಿ ಪರಿಶೀಲಿಸಿದ್ದಕ್ಕೆ ಕೊಟ್ಟದ್ದು, ಸಾಲದ ಮುಂಗಡವಲ್ಲ.

ಹಾಗೆಂದು ಬ್ಯಾಂಕು ಮನಸ್ಸು ಬಂದಂತೆ ನಡೆಯಬಹುದೆಂದಲ್ಲ. ರಿಸರ್ವ್ ಬ್ಯಾಂಕಿನ 2003ರ ನ್ಯಾಯೋಚಿತ ವ್ಯವಹಾರ ಸಂಹಿತೆ ಮಂಜೂರಾದ ಸಾಲವನ್ನು ಸಕಾಲಕ್ಕೆ ಬಿಡುಗಡೆ ಮಾಡಿ ಎನ್ನುತ್ತದೆ, ಆದರೆ ಮಂಜೂರಾತಿಯ ಷರತ್ತುಗಳಿಗೆ ಅನುಗುಣವಾಗಿ ಎಂದೂ ಸೇರಿಸುತ್ತದೆ. 2024ರ ಅಕ್ಟೋಬರ್‌ನಿಂದ ಹೊಸ ಚಿಲ್ಲರೆ ಅವಧಿ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ (ಸಾಲದ ಮುಖ್ಯ ಷರತ್ತುಗಳ ಸರಳ ಪಟ್ಟಿ) ಕಡ್ಡಾಯವಾಗಿದೆ. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲವಾದರೆ ಅದಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶ, ಅಷ್ಟರೊಳಗೆ ಗ್ರಾಹಕರು ಒಪ್ಪಿದರೆ ಅದರಲ್ಲಿ ನಮೂದಾದ ಷರತ್ತುಗಳಿಗೆ ಬ್ಯಾಂಕು ಬದ್ಧ. ನನ್ನ ಓದಿನಲ್ಲಿ ಇದರ ಅರ್ಥ, ಹೇಳಿದ ಬಡ್ಡಿ, ಹೇಳಿದ ಶುಲ್ಕವನ್ನು ಆಮೇಲೆ ಸದ್ದಿಲ್ಲದೆ ಏರಿಸುವಂತಿಲ್ಲ ಎಂದೇ ಹೊರತು, ಒಡೆತನದ ದಾಖಲೆ (ಟೈಟಲ್) ಕೆಟ್ಟಿರುವ ಮನೆಗೂ ಸಾಲ ಕೊಡಬೇಕೆಂದಲ್ಲ.

ಮುಂಗಡ ಹೋಗುತ್ತದೆಂಬ ಸಂಕಟ ನಿಜ. ಅದಕ್ಕೆ ಮದ್ದು ಇರುವುದು ಬ್ಯಾಂಕಿನ ಪತ್ರದಲ್ಲಲ್ಲ, ಮಾಲೀಕರ ಜೊತೆಗಿನ ಕ್ರಯದ ಕರಾರಿನಲ್ಲಿ. ‘ದಾಖಲೆಯ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು’ ಎಂದು ಒಂದು ಸಾಲು ಬರೆಸಿಕೊಳ್ಳಿ. ಮಾಲೀಕರು ಅದಕ್ಕೆ ಒಪ್ಪದಿದ್ದರೆ, ವಕೀಲರ ಅಭಿಪ್ರಾಯ ಬರುವವರೆಗೆ ಚೆಕ್ ಬರೆಯಬೇಡಿ.