ಡಬ್ಬಾ ಟಿವಿ ಕೆಟ್ಟಿಲ್ಲ ಸ್ವಾಮಿ, ಕೆಟ್ಟಿರೋದು ನೀವು ಮಾರೋ ಕೇಬಲ್ಲು

ಹೊಸ ಸೆಟ್‌ಟಾಪ್ ಬಾಕ್ಸನ್ನೋ, ಇಂಟರ್‌ನೆಟ್ ವಿಡಿಯೋ ತೋರಿಸೋ ಸ್ಟಿಕ್ಕನ್ನೋ ಹಳೇ ಡಬ್ಬಾ ಟಿವಿಗೆ ಸೇರಿಸೋಕೆ ಅಂತ ಅಂಗಡೀಲಿ ಕೊಡೋ ಕೇಬಲ್ ನೋಡಿ: ಒಂದು ತುದೀಲಿ ಎಚ್‌ಡಿಎಂಐ (ಹೊಸ ಟಿವಿಗಳಿಗೆ ಹಾಕೋ ಚಪ್ಪಟೆ ಪಿನ್ನು), ಇನ್ನೊಂದು ತುದೀಲಿ ಚಿತ್ರಕ್ಕೆ ಹಳದಿ, ಎಡ ಸೌಂಡಿಗೆ ಬಿಳಿ, ಬಲ ಸೌಂಡಿಗೆ ಕೆಂಪು ಪಿನ್ನು, ಮಧ್ಯೆ ಬರೀ ವೈರು. ಇದಕ್ಕೆ 'ಎಚ್‌ಡಿಎಂಐ ಟು ಎವಿ ಕೇಬಲ್' ಅಂತ ಹೆಸರಿಟ್ಟು ಮಾರ್ತಾರಲ್ಲ, ಅವರಿಗೆ ನಾಚಿಕೆ ಅನ್ನೋದೇ ಇಲ್ವಾ? ಎಚ್‌ಡಿಎಂಐಯಲ್ಲಿ ಬರೋದು ಡಿಜಿಟಲ್ ಸಿಗ್ನಲ್ಲು, ಅಂದ್ರೆ ಸೊನ್ನೆ-ಒಂದರ ಲೆಕ್ಕ. ಹಳದಿ ಪಿನ್ನಿಗೆ ಬೇಕಾಗಿರೋದು ಅನಲಾಗ್, ಅಂದ್ರೆ ಏರಿಳಿಯೋ ಅಲೆ. ಅದನ್ನ ಇದಾಗಿ ಬದಲಾಯಿಸೋಕೆ ಮಧ್ಯೆ ಚಿಪ್ ಇರಬೇಕು, ಆ ಚಿಪ್ಪಿಗೆ ಕರೆಂಟ್ ಬೇಕು. ಬರೀ ತಾಮ್ರದ ತಂತಿ ಸಾವಿರ ವರ್ಷ ಕಾದರೂ ಆ ಕೆಲಸ ಮಾಡಲ್ಲ. ಪರದೆ ಕಪ್ಪಗೇ ಇದೆ ಅಂತ ವಾಪಸ್ ತಗೊಂಡು ಹೋದ್ರೆ ಸಿಗೋ ಉತ್ತರ ಏನು? 'ನಿಮ್ಮ ಟಿವಿ ಹಳೇದು ಸಾರ್, ಸಪೋರ್ಟ್ ಮಾಡಲ್ಲ, ಒಂದು ಎಲ್‌ಇಡಿ ತಗೊಂಡ್ಬಿಡಿ.' ಗಟ್ಟಿಮುಟ್ಟಾಗಿರೋ ಟಿವಿ ಗುಜರಿಗೆ ಹೋಗೋದು ಹೀಗೆ.

ಬೇಕಾಗಿರೋದು ಕನ್ವರ್ಟರ್ ಡಬ್ಬಿ. ಅದರ ಗುರುತು ಸುಲಭ: ಕರೆಂಟಿಗೆ ಅಂತ ಯುಎಸ್‌ಬಿ ತೂತೋ ಬಾಲವೋ ಇದ್ದೇ ಇರುತ್ತೆ. ಅದಿಲ್ಲ ಅಂದ್ರೆ ಮುಟ್ಟಬೇಡಿ. ಡಬ್ಬಿ ಕೊಳ್ಳುವಾಗಲೂ ಕಣ್ಣು ಬಿಟ್ಟು ನೋಡಿ. 'ಎಚ್‌ಡಿಎಂಐ 2 ಎವಿ' ಮತ್ತು 'ಎವಿ 2 ಎಚ್‌ಡಿಎಂಐ' ಎರಡೂ ಒಂದೇ ಅಳತೆ, ಒಂದೇ ಬಣ್ಣ, ಕೆಲಸ ಮಾತ್ರ ಉಲ್ಟಾ. ನಮಗೆ ಬೇಕಾದ್ದರಲ್ಲಿ ಎಚ್‌ಡಿಎಂಐ ಕಡೆ 'ಇನ್‌ಪುಟ್' ಅಂತ ಬರೆದಿರಬೇಕು.

ಡಬ್ಬಿಗೆ 5 ವೋಲ್ಟ್, 1 ಆಂಪಿನ ಹಳೇ ಮೊಬೈಲ್ ಚಾರ್ಜರ್ ಸಾಕು. ಸ್ಟಿಕ್ ಹಾಕೋದಾದ್ರೆ ಅದಕ್ಕೆ ಅದರದೇ ಚಾರ್ಜರ್ ಬೇರೆ ಕೊಡಿ. ಎಚ್‌ಡಿಎಂಐನಲ್ಲೂ 5 ವೋಲ್ಟ್ ಬರುತ್ತೆ, ನಿಜ. ಆದ್ರೆ ನಿಯಮದ ಪ್ರಕಾರ ಕೊಡಲೇಬೇಕಾದ್ದು ಬರೀ 55 ಮಿಲಿಆಂಪ್. ಅದನ್ನ ನಂಬಿಕೊಂಡ್ರೆ ಚಿತ್ರ ಬಂದು ಬಂದು ಹೋಗುತ್ತೆ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಚಿತ್ರ ಕಪ್ಪು-ಬಿಳುಪಾಗಿ ಬರುತ್ತೆ, ಇಲ್ಲಾ ಮೇಲಿಂದ ಕೆಳಕ್ಕೆ ಉರುಳುತ್ತೆ. ತಕ್ಷಣ ಒಬ್ಬ ಮೆಕ್ಯಾನಿಕ್ ಬಂದು 'ಪಿಕ್ಚರ್ ಟ್ಯೂಬ್ ಹೋಗಿದೆ' ಅಂತಾನೆ. ಏನೂ ಹೋಗಿಲ್ಲ ಮಾರಾಯ! ಡಬ್ಬಿ ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಸ್ವಿಚ್ಚಿದೆ, ಒಂದು ಕಡೆ ಪಾಲ್, ಇನ್ನೊಂದು ಕಡೆ ಎನ್‌ಟಿಎಸ್‌ಸಿ. ಎರಡೂ ಟಿವಿ ಚಿತ್ರ ಕಳಿಸೋ ಪದ್ಧತಿಗಳ ಹೆಸರು. ನಮ್ಮ ದೇಶದ ಟಿವಿ ಪಾಲ್: 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಅಮೆರಿಕದ ಎನ್‌ಟಿಎಸ್‌ಸಿ 525 ಗೆರೆ, ಸುಮಾರು 30 ಫ್ರೇಮ್, ಬಣ್ಣ ಕಳಿಸೋ ಕ್ರಮವೂ ಬೇರೆ. ಸ್ವಿಚ್ಚನ್ನ ಉಗುರಲ್ಲಿ ಪಾಲ್ ಕಡೆ ತಳ್ಳಿ, ಡಬ್ಬಿ ಆಫ್ ಮಾಡಿ ಆನ್ ಮಾಡಿ. ಇಂಡಿಯಾದಲ್ಲಿ ಮಾರೋ ಮಾಲನ್ನ ಪಾಲ್‌ಗೆ ಇಟ್ಟು ಕಳಿಸೋಕೆ ಇವರಿಗೇನು ರೋಗ?

ಚಿತ್ರ ಇದೆ, ಸೌಂಡಿಲ್ಲ ಅಂದ್ರೆ ಸ್ಟಿಕ್ಕು ಡಾಲ್ಬಿ ಅನ್ನೋ ಒತ್ತಿ ಕಟ್ಟಿದ ಸೌಂಡ್ ಕಳಿಸ್ತಿದೆ, ಅಗ್ಗದ ಡಬ್ಬಿಗೆ ಅದು ಅರ್ಥ ಆಗ್ತಿಲ್ಲ. ಸೆಟ್ಟಿಂಗ್ಸಲ್ಲಿ ಆಡಿಯೋ ಔಟ್‌ಪುಟ್ಟನ್ನ ಪಿಸಿಎಂ (ಒತ್ತಿ ಕಟ್ಟದ ಸಾದಾ ಸೌಂಡ್) ಅಥವಾ ಸ್ಟೀರಿಯೋ ಮಾಡಿ. ಟಿವೀಲಿ ಸೌಂಡಿಗೆ ಬಿಳಿ ತೂತು ಒಂದೇ ಇದ್ರೆ ಬಲಗಡೆಯ ಸೌಂಡ್ ಪೂರ್ತಿ ಕಳೆದುಹೋಗುತ್ತೆ, ಅದಕ್ಕೆ ಮೋನೋ (ಎರಡೂ ಕಡೆಯದನ್ನ ಸೇರಿಸಿ ಒಂದೇ ಸೌಂಡ್) ಸೆಟ್ಟಿಂಗ್ ಇದ್ರೆ ಅದನ್ನೇ ಇಡಿ. ಜನ ಎಲ್ಲ ಸಣ್ಣಗೆ ಉದ್ದುದ್ದ ಕಾಣಿಸಿದ್ರೆ 16:9 ಚಿತ್ರ 4:3 ಪರದೇಲಿ ಹಿಂಡಿಕೊಂಡಿದೆ ಅಂತ ಅರ್ಥ. ಸೆಟ್‌ಟಾಪ್ ಬಾಕ್ಸಿನಲ್ಲಿ '4:3 ಲೆಟರ್‌ಬಾಕ್ಸ್' ಆರಿಸಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಆಕಾರ ಸರಿಯಾಗುತ್ತೆ. ಮೆನುವಿನ ಸಣ್ಣ ಅಕ್ಷರ ಓದೋಕಾಗಲ್ಲ, ಅದಕ್ಕೆ ಮದ್ದಿಲ್ಲ.

ಇನ್ನು ಕನ್ವರ್ಟರ್ ಇಲ್ಲದೆ ನೇರ ಟಿವಿಗೆ ಹೋಗೋಕೆ ಕೆಲವು ಸೆಟ್‌ಟಾಪ್ ಬಾಕ್ಸಿನಲ್ಲಿರೋ ಆ ದುಂಡನೆ 3.5 ಎಂಎಂ ಎವಿ ತೂತು! ನೋಡೋಕೆ ಇಯರ್‌ಫೋನಿನದರ ಹಾಗೇ ಇದೆ, ಅದಕ್ಕೆ ಹೋಗೋ ಪಿನ್ನಿಗೆ ನಾಲ್ಕು ಭಾಗ. ಒಂದು ಜಾತಿ ಕೇಬಲ್ಲಲ್ಲಿ ತುದಿಯಿಂದ ಎಡ ಸೌಂಡ್, ಬಲ ಸೌಂಡ್, ಗ್ರೌಂಡ್ (ಸಿಗ್ನಲ್ ವಾಪಸ್ ಹೋಗೋ ದಾರಿ), ವಿಡಿಯೋ. ಹಳೇ ಕ್ಯಾಮ್‌ಕಾರ್ಡರ್ (ವಿಡಿಯೋ ಕ್ಯಾಮೆರಾ) ಜಾತಿಯದರಲ್ಲಿ ಎಡ, ವಿಡಿಯೋ, ಗ್ರೌಂಡ್, ಬಲ. ಹೊರಗಿಂದ ಕಂಡುಹಿಡಿಯೋಕೆ ಬ್ರಹ್ಮನಿಗೂ ಆಗಲ್ಲ. ಹಳದಿ ಹಾಕಿದ್ರೆ ಚಿತ್ರ ಬರದೆ ಸ್ಪೀಕರಲ್ಲಿ ಗುಂಯ್ ಅಂದ್ರೆ ಕೆಂಪು ಪಿನ್ನನ್ನ ಟಿವಿಯ ಹಳದಿ ತೂತಿಗೆ ಚುಚ್ಚಿ ನೋಡಿ. ಮೂರನ್ನೂ ಅದಲು ಬದಲು ಮಾಡಿದ್ರೂ ಗುಂಯ್ ಅಂತಾನೇ ಇದ್ರೆ ಗ್ರೌಂಡೇ ಬೇರೆ ಕಡೆ ಇದೆ, ಕೇಬಲ್ ಬದಲಿಸಲೇಬೇಕು. ಬಾಕ್ಸಿನ ಜೊತೆ ಒಂದು ಕೇಬಲ್ ಹಾಕಿ ಕೊಡೋಕೆ ಕಂಪನಿಗಳ ಗಂಟೇನು ಹೋಗುತ್ತೆ?

ಎವಿ ತೂತೇ ಇಲ್ಲದ, ಆಂಟೆನಾ ಮಾತ್ರ ಇರೋ ಟಿವಿಗೆ 'ಬಿಚ್ಚಿ ಎವಿ ಹಾಕ್ಕೊಡ್ತೀನಿ' ಅನ್ನೋರನ್ನ ದೂರ ಇಡಿ. ಎಷ್ಟೋ ಹಳೇ ಸೆಟ್‌ಗಳ ಒಳಗಿನ ಗ್ರೌಂಡು ನೇರವಾಗಿ ಮನೆ ಕರೆಂಟಿಗೇ ಸೇರಿರುತ್ತೆ, ಹೊರಗೆ ತಂದ ಪಿನ್ ಮುಟ್ಟಿದೋರಿಗೆ ಶಾಕ್ ಹೊಡೆಯುತ್ತೆ. ಕನ್ವರ್ಟರ್ ಆದ್ಮೇಲೆ ಚಿತ್ರ, ಸೌಂಡನ್ನ ಆಂಟೆನಾ ಸಿಗ್ನಲ್ಲಾಗಿ ಮಾಡೋ ಒಂದು ಆರ್‌ಎಫ್ ಮಾಡ್ಯುಲೇಟರ್ ಹಾಕಿ, ಅದರ ಚಾನೆಲ್ಲಿಗೆ ಟಿವಿ ಟ್ಯೂನ್ ಮಾಡಿ. ಟಿವಿ ಹಿಂದೆ ಚಪ್ಪಟೆ ವೈರಿಗೆ ಎರಡು ಸ್ಕ್ರೂ ಮಾತ್ರ ಇದ್ರೆ 75 ಓಮಿನಿಂದ 300 ಓಮಿಗೆ ಬದಲಿಸೋ ಬಾಲನ್ ಅನ್ನೋ ಪುಟ್ಟ ಜೋಡಣೆ ಬೇಕು. ಅಮೆರಿಕದ ಮಾಡ್ಯುಲೇಟರ್ ತಲೆಗೆ ಕಟ್ಟೋಕೆ ಬಂದ್ರೆ ಬೇಡ ಅನ್ನಿ: ಅದರ ಸೌಂಡು ಚಿತ್ರದಿಂದ 4.5 ಮೆಗಾಹರ್ಟ್ಸ್ ದೂರದಲ್ಲಿ, ನಮ್ಮ ಟಿವಿ ಕಾಯೋದು 5.5ರಲ್ಲಿ. ಚಿತ್ರ ಬಂದ್ರೂ ಸೌಂಡಿನ ಜಾಗದಲ್ಲಿ ಬರೀ ಸುಯ್. ಮಾಡ್ಯುಲೇಟರ್ ಮೇಲೆ ನಮ್ಮ ಪದ್ಧತಿಯ ಹೆಸರು, ಪಾಲ್ ಬಿ/ಜಿ ಅಂತ ಅಚ್ಚಾಗಿದ್ರೆ ಮಾತ್ರ ಜೇಬಿಗೆ ಕೈ ಹಾಕಿ.